ಏಳನೆಯ ನಂಬರಿನ ಫಟಫಟಿ

೧೯೩೭ನೆಯ ಇಸವಿ, ಫೆಬ್ರುವರಿ ಏಳು, ರವಿವಾರ. ಸಂಜೆ ಐದಕ್ಕೆ ಹತ್ತು ನಿಮಿಷ ಇದ್ದಾಗ ಗುಲಾಬಸಾಬ ಮಿಸ್ತ್ರಿ ಧಾರವಾಡದಲ್ಲಿ ಠಾಣೆಯ ಮೆಟ್ಟಿಲು ಹತ್ತಿದ. ಅರವತ್ತು ದಾಟಿದ ಮುದುಕ. ಹಳೇ ಹುಬ್ಬಳ್ಳಿಯಲ್ಲಿ ಸೈಕಲ್ಲು, ಫಟಫಟಿ ಎಂದು ಕರೆಯುವ ಮೋಟಾರ್ ಸೈಕಲ್ಲು ರಿಪೇರಿ ಮಾಡುವವ. ಅಂಗಿಯ ತೋಳಿಗೆ ರಕ್ತ ಹತ್ತಿ ಒಣಗಿತ್ತು. ಕೈಯಲ್ಲಿ ಮೊಳದುದ್ದದ ಕಬ್ಬಿಣದ ಸಲಾಕೆಯೊಂದಿತ್ತು.

ಫೌಜದಾರ ರುದ್ರಗೌಡ ಆಗಷ್ಟೇ ಬಂದೋಬಸ್ತಿನಿಂದ ಮರಳಿ ಸೊಂಟದ ಪಟ್ಟಿ ಸಡಿಲಿಸಿ ಕುಳಿತಿದ್ದ. ಮೋಟಾರಿನ ಹವ್ಯಾಸವಿದ್ದ ಕೆಲವರು ಕೂಡಿ ಆ ದಿನ ಊರಲ್ಲಿ ಫಟಫಟಿಗಳ ಓಟದ ಶರ್ಯತ್ತು ಇಟ್ಟಿದ್ದರು. ಸಪ್ತಾಪುರದ ಬಯಲಿನಿಂದ ಹೊರಟು, ಕೆಲಗೇರಿ ಕಡೆಯ ಇಳಿಜಾರು ಇಳಿದು, ತಿರುವು ಹಾಯ್ದು, ಮತ್ತೆ ಬಯಲಿಗೆ ಬರುವ ಎರಡೂವರೆ ಮೈಲಿನ ಸುತ್ತು. ಅಂಥ ಹತ್ತು ಸುತ್ತು. ಮೂರನೆಯ ಸುತ್ತಿನಲ್ಲಿ ಏಳನೆಯ ನಂಬರಿನ ಗಾಡಿ ಇಳಿಜಾರಿನ ತಿರುವಿನಲ್ಲಿ ತಿರುಗಲೇ ಇಲ್ಲ. ನೆಟ್ಟಗೆ ಹೋಗಿ ಕಲ್ಲಿನ ಗೋಡೆಗೆ ಬಡಿಯಿತು. ಸವಾರ ಮುರುಗೆಪ್ಪ, ಹುಬ್ಬಳ್ಳಿಯ ಹತ್ತಿ ಪೇಟೆಯವನು, ದವಾಖಾನೆಯಲ್ಲಿದ್ದ. ರುದ್ರಗೌಡ ಠಾಣೆಯ ದಿನಚರಿಯಲ್ಲಿ 'ಅಪಘಾತ' ಎಂದು ಬರೆದು ಮುಗಿಸಿದ್ದ.

"ಸಾಹೇಬ್ರ, ಫಿರ್ಯಾದಿ ಕೊಡಬೇಕು," ಎಂದ ಗುಲಾಬಸಾಬ. "ಅವನು ತಾನಾಗಿ ಬಿದ್ದಿಲ್ಲರಿ. ಬೀಳಿಸ್ಯಾರ."

"ಕೈಯಾಗ ಏನದು?"

"ಮುಂದಿನ ಬ್ರೇಕಿನ ಸಲಾಕಿ. ನಮ್ಮ ಗಾಡೀದು."

"ನೀ ಯಾಕ ಬಿಚ್ಚಿದಿ?"

"ನಾ ಬಿಚ್ಚಿಲ್ಲರಿ. ಒಂದು ತುದಿ ಮೊದಲ ಕಳಚಿತ್ತು. ಇನ್ನೊಂದು ತುದಿ ಗ್ವಾಡಿಗೆ ಬಡದ ಪೆಟ್ಟಿಗೆ ಮುರದಿತ್ತು. ಮಂದಿ ಸಾಮಾನು ಎತ್ತಿಗೊಂಡು ಹೋಗಾಕತ್ತಿದ್ರು. ಕಳೀಬಾರದಂತ ತಂದೆ."

ಅವನು ಸಲಾಕೆಯನ್ನು ಮೇಜಿನ ಮೇಲಿಟ್ಟು ತೋರಿಸಿದ. ಅದರ ಕೆಳತುದಿಯಲ್ಲಿ ಒಂದು ಕಣ್ಣು. ಆ ಕಣ್ಣಿನೊಳಗೆ ಬೋಲ್ಟು ಹಾಯ್ದು ಸಲಾಕೆ ಗಾಲಿಯ ಬ್ರೇಕಿಗೆ ಕೂಡಬೇಕು. ಬೋಲ್ಟಿಗೆ ನಟ್ಟು. ನಟ್ಟು ತಿರುಗಿ ಸಡಿಲಾಗದ ಹಾಗೆ ಬೋಲ್ಟಿನ ತೂತಿನಲ್ಲಿ ಎರಡು ಕಾಲಿನ ತಂತಿಯ ಪಿನ್ನು. ಕಣ್ಣು ಮುರಿದಿರಲಿಲ್ಲ, ಹಿಗ್ಗಿರಲಿಲ್ಲ.

"ಪಿನ್ನು ಇದ್ದರ ನಟ್ಟು ಬಿಚ್ಚೂದಿಲ್ಲರಿ. ನಟ್ಟು ಇದ್ದರ ಬೋಲ್ಟು ಹೋಗೂದಿಲ್ಲ. ಪಿನ್ನು ತಗದಾರ."

"ನೀನ ಹಾಕೂದು ಮರತಿದ್ದರ?"

"ಮುಂಜಾನಿ ಐದೂವರಿಗೆ ಈ ಕೈಲೆ ಹಾಕೇನಿ. ಒಂಬತ್ತರ ಮ್ಯಾಲ ಶರ್ಯತ್ತಿನವರು ತಪಾಸಣಿ ಮಾಡಿ 'ಸರಿ ಐತಿ' ಅಂತ ಸಹಿ ಹಾಕ್ಯಾರ."

"ಮಿಸ್ತ್ರಿ, ಗಾಡಿ ಕಟ್ಟಿದಾಂವ ನೀನು. ಫಿರ್ಯಾದಿ ಬರದರ ಮೊದಲ ಸಂಶೇ ನಿನ್ನ ಮ್ಯಾಲ ಬರತೈತಿ. ತಿಳದೈತೇನು?"

"ತಿಳದ ಬಂದೇನ್ರಿ."

ರುದ್ರಗೌಡ ಎಫ್.ಐ.ಆರ್. ಪುಸ್ತಕ ಎಳೆದುಕೊಂಡ. ಆರೋಪಿಯ ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ' ಎಂದು ಬರೆದ.

ಐದೂ ನಲವತ್ತಕ್ಕೆ ಹವಾಲ್ದಾರ ದುರಗಪ್ಪನನ್ನು ಕರೆದುಕೊಂಡು ತಿರುವಿಗೆ ಹೋದ. ಕೆಲಗೇರಿಯ ರೈತ ಹೊಳೆಯಪ್ಪ ಮತ್ತು ಕಾಲೇಜಿನ ಒಬ್ಬ ಜವಾನ ಪಂಚರಾದರು. ಗೋಡೆಯ ಎರಡು ಕಲ್ಲು ಒಳಗೆ ಸರಿದಿದ್ದವು. ರಸ್ತೆಯ ಕೆಂಪು ಧೂಳಿನಲ್ಲಿ ಹಿಂದಿನ ಗಾಲಿ ಉಜ್ಜಿದ ಗೆರೆ ಇಪ್ಪತ್ತೆಂಟು ಹೆಜ್ಜೆ ಉದ್ದ ಇತ್ತು; ಮುಂದಿನ ಗಾಲಿಯ ಗೆರೆ ಇರಲೇ ಇಲ್ಲ. ನಾಲ್ವರೂ ರಸ್ತೆಯ ಎರಡು ಅಂಚು ಹಿಡಿದು ಬಗ್ಗಿ ನೋಡುತ್ತ ಏರು ಹತ್ತಿದರು. ತಿರುವಿನಿಂದ ನೂರಾ ನಲವತ್ತು ಹೆಜ್ಜೆ ಮೇಲೆ ದುರಗಪ್ಪ ಕುಕ್ಕರುಗಾಲಿನಲ್ಲಿ ಕುಳಿತ.

"ಸಿಕ್ತರಿ."

ಬೋಲ್ಟು. ಅದರ ಸುತ್ತುಗಳು ಒಂದೂ ಕೆಟ್ಟಿರಲಿಲ್ಲ. ತೂತು ಸ್ವಚ್ಛವಾಗಿತ್ತು. ಪಿನ್ನು ಓಟದಲ್ಲಿ ಮುರಿದಿದ್ದರೆ ತೂತಿನಲ್ಲಿ ತುಂಡಾದರೂ ಉಳಿಯಬೇಕಿತ್ತು. ಹೊತ್ತು ಮುಳುಗುವುದರೊಳಗೆ ಪಂಚನಾಮೆ ಮುಗಿಯಿತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ರುದ್ರಗೌಡ ದವಾಖಾನೆಗೆ ಹೋದ. ಡಾಕ್ಟರು ಬಾಗಿಲಲ್ಲೇ ತಡೆದು ಮೆತ್ತಗೆ ಹೇಳಿದರು: ಬೆನ್ನು ಮುರಿದಿದೆ, ಪುಪ್ಪುಸದಲ್ಲಿ ರಕ್ತ ಇಳಿದಿದೆ, ಕೇಳುವುದಿದ್ದರೆ ಈಗಲೇ ಕೇಳಬೇಕು.

ಮುರುಗೆಪ್ಪನಿಗೆ ಇಪ್ಪತ್ತೇಳು ವರ್ಷ. ಕಾಕಾ ಸಿದ್ದಪ್ಪನ ಹತ್ತಿ ಅಂಗಡಿಯಲ್ಲಿ ಅವನದೊಂದೇ ಕೆಲಸ: ಅರಳೆಯ ಹಿಡಿಯನ್ನು ಬೆರಳಲ್ಲಿ ಎಳೆದು ನೋಡಿ ಎಳೆಯ ಉದ್ದ, ದರ್ಜೆ ಹೇಳುವುದು. ಆ ಬೆರಳುಗಳು ಈಗ ಚಾದರದ ಮೇಲೆ ಸುಮ್ಮನೆ ಬಿದ್ದಿದ್ದವು. ಹೆಂಡತಿ ಶರಣವ್ವ ಒದ್ದೆ ಅರಿವೆಯಿಂದ ಅವನ ತುಟಿ ತೋಯಿಸುತ್ತಿದ್ದಳು.

"ನಿನ್ನೆ ಎದ್ದಾಗಿಂದ ಏನೇನಾತು, ಸಾವಕಾಶ ಹೇಳ್ರಿ."

ಅವನು ತಡೆತಡೆದು ಹೇಳಿದ. ಐದಕ್ಕೆ ಎದ್ದದ್ದು. ಕರಿ ತಗಡಿನ ಮೇಲೆ ಶರಣವ್ವ ಸುಣ್ಣದಲ್ಲಿ ಏಳು ಎಂದು ಬರೆದುಕೊಟ್ಟದ್ದು. ಗುಲಾಬಸಾಬನನ್ನು ಹಿಂದೆ ಕೂರಿಸಿಕೊಂಡು ಧಾರವಾಡಕ್ಕೆ ಬಂದದ್ದು. ಚಳಿಗೆ ಮುದುಕ ಹಿಂದಿನಿಂದ ಅವನ ಕೋಟಿನ ಕಿಸೆಯಲ್ಲೇ ಕೈ ಇಟ್ಟುಕೊಂಡಿದ್ದು. ಒಂಬತ್ತೂ ಇಪ್ಪತ್ತಕ್ಕೆ ತಪಾಸಣೆ. ಹನ್ನೆರಡರಿಂದ ಎರಡೂವರೆ ತನಕ ಗಾಡಿಗಳೆಲ್ಲ ಹಗ್ಗದ ಒಳಗೆ, ಸವಾರರು ಹೊರಗೆ. ಅವನು ಆಮೇಲೆ ರೈಲಿಗೆ ಬಂದಿದ್ದ ಶರಣವ್ವನ ಜೊತೆ ಗಿಡದ ಕೆಳಗೆ ಕೂತು ರೊಟ್ಟಿ ಬಿಚ್ಚಿದ್ದ. ಹೆದರಿಕೆಗೆ ಅರ್ಧ ರೊಟ್ಟಿಯೂ ಇಳಿದಿರಲಿಲ್ಲ. ಮೂರಕ್ಕೆ ನಿಶಾನೆ ಬಿತ್ತು.

"ಒಂದನೇ ಸುತ್ತಿನ್ಯಾಗ ಒಂಬತ್ತನೇದಾಂವ ಇದ್ದೆ. ಎರಡನೇದರಾಗ ನಾಲ್ಕನೇದಾಂವ ಆದೆ, ಸಾಹೇಬ್ರ. ನಾಲ್ಕನೇದಾಂವ." ಬಿಳಿಚಿದ ಮುಖದಲ್ಲಿ ಏನೋ ಒಂದು ಬೆಳಕು ಬಂದು ಹೋಯಿತು. "ಮೂರನೇದಕ್ಕ ಇಳಕಲದಾಗ ಬ್ರೇಕ ಹಿಡದೆ. ಕೈಯಾಗ ಏನೂ ಸಿಗಲಿಲ್ಲ. ಹಿಂದಿನ ಬ್ರೇಕ ಒಂದ ಸಾಲಲಿಲ್ಲ."

"ನಿಮ್ಮ ಗಾಡಿಗೆ ಯಾರ್ಯಾರು ಕೈ ಹಚ್ಚಿದ್ರು?"

"ಮಿಸ್ತ್ರಿ. ನಾನು. ತಪಾಸಣಿ ಮಾಡಿದಾಂವ."

"ಅವನು ಏನರ ಅಂದನೇನು?"

"ಎಡಗಡಿ ಕುಂತು ಭಾಳ ಹೊತ್ತು ನೋಡಿದ. ಗಾಡಿ ಎಂದಿನಿಂದ ನಿಮ್ಮ ಕಡೆ ಐತಿ ಅಂತ ಕೇಳಿದ."

"ನೀವೇನಂದ್ರಿ?"

ಮುರುಗೆಪ್ಪ ಹೆಂಡತಿಯ ಕಡೆ ನೋಡಿ ಕಣ್ಣು ಇಳಿಸಿದ. "ಹೊಸಾದ ತರಿಸೇನಿ, ಆರು ವರ್ಷ ಆತು, ಬ್ಯಾರೆ ಯಾರೂ ಹತ್ತಿಲ್ಲ ಅಂದೆ."

"ಅದು ಖರೇ ಅಲ್ಲರಿ," ಎಂದಳು ಶರಣವ್ವ. "ನಮ್ಮ ಲಗ್ನ ಆದ ವರ್ಷ ತಗೊಂಡದ್ದು. ಎರಡು ವರ್ಷನೂ ಆಗಿಲ್ಲ."

"ಉಳದ ಸವಾರರೆಲ್ಲಾ ದೊಡ್ಡ ಮನಿತನದವರು. ಇನ್ನೊಬ್ಬರು ಓಡಿಸಿ ಬಿಟ್ಟ ಗಾಡಿ ಅಂತ ಅವರ ಮುಂದ ಹೇಳಾಕ ನಾಚಿಕಿ ಬಂತು." ಉಸಿರು ಹಿಡಿದು ಮತ್ತೆ ಹೇಳಿದ: "ಬಿದ್ದ ಮ್ಯಾಲೆ ನನ್ನ ಮೊದಲ ಎತ್ತಿದಾಂವನೂ ಅವನರಿ."

ರುದ್ರಗೌಡ ಅದನ್ನೂ ಬರೆದುಕೊಂಡ. ಹೊರಗೆ ಬಂದ ಮೇಲೆ ಒಂದು ಮಾತು ಅವನ ತಲೆಯಲ್ಲಿ ನಿಂತಿತು. ತಪಾಸಣೆಯವರ ಡೇರೆ ಇದ್ದದ್ದು ಸಪ್ತಾಪುರದ ಬಯಲಲ್ಲಿ. ತಿರುವಿಗೂ ಡೇರೆಗೂ ಅರ್ಧ ಮೈಲು. ಡೇರೆಯಲ್ಲಿರಬೇಕಾದವನು ಶರ್ಯತ್ತು ನಡೆದಾಗ ತಿರುವಿನಲ್ಲೇಕೆ ನಿಂತಿದ್ದ?

ಹನ್ನೊಂದಕ್ಕೆ ಬಯಲಿಗೆ ಹೋದರು. ಗಾಡಿಗಳು ನಿಂತಿದ್ದ ಜಾಗದಲ್ಲಿ ಸುಣ್ಣದ ನಂಬರುಗಳು ಇನ್ನೂ ಅಳಿಸಿರಲಿಲ್ಲ. ಏಳರ ಸುತ್ತಲಿನ ಮಣ್ಣನ್ನು ದುರಗಪ್ಪ ಜರಡಿ ಹಿಡಿದ. ಒಣ ಹುಲ್ಲಿನ ಬುಡದಲ್ಲಿ ಪಿನ್ನು ಸಿಕ್ಕಿತು. ಎರಡೂ ಕಾಲು ನೆಟ್ಟಗೆ ಮಾಡಿ ಪಕ್ಕಡದಿಂದ, ಹಲ್ಲಿನ ಇಕ್ಕಳದಿಂದ, ಎಳೆದದ್ದು. ಪಕ್ಕಡದ ಹಲ್ಲಿನ ಗುರುತು ಸಾಲಾಗಿ ಮೂಡಿತ್ತು. ನಡುವೆ ಒಂದು ಹಲ್ಲಿನಷ್ಟು ಜಾಗ ಖಾಲಿ.

ಗುಲಾಬಸಾಬನ ಪಕ್ಕಡಗಳನ್ನೆಲ್ಲ ಹುಬ್ಬಳ್ಳಿಯಿಂದ ತರಿಸಿ ನೋಡಿದರು. ಯಾವುದರ ಹಲ್ಲೂ ಮುರಿದಿರಲಿಲ್ಲ. ಹಗ್ಗದ ಕಾವಲಿಗಿದ್ದ ಸಿಪಾಯಿ ಹೇಳಿದ: ಹನ್ನೆರಡರ ಮೇಲೆ ಒಳಗೆ ಹೋದವನು ಒಬ್ಬನೇ, ತಪಾಸಣೆಯವ, ಅವನನ್ನು ತಡೆಯುವ ಹುಕುಂ ಇರಲಿಲ್ಲ. ತಪಾಸಣೆಯ ಕಾಗದದಲ್ಲಿ ಏಳನೆಯ ನಂಬರಿನ ಮುಂದೆ 'ಬ್ರೇಕು ಸರಿ' ಎಂದು ಬರೆದು, ಕೆಳಗೆ ದುಂಡಗಿನ ಅಕ್ಷರದಲ್ಲಿ ಸಹಿ ಇತ್ತು: ಮೈಲಾರಲಿಂಗಪ್ಪ, ರೈಲ್ವೆ ಕಾರ್ಖಾನೆಯ ಫಿಟ್ಟರ್, ಹಳೇ ಹುಬ್ಬಳ್ಳಿ. ಯಂತ್ರದ ದಗದ ಬಲ್ಲವನು, ತಾನಾಗಿ ಬಂದು ಕೈಜೋಡಿಸುತ್ತೇನೆ ಎಂದಿದ್ದ, ಒಂದು ಬಿಡಿಗಾಸೂ ಕೇಳಿರಲಿಲ್ಲ ಎಂದರು ಶರ್ಯತ್ತಿನವರು.

ಮಂಗಳವಾರ ಮಧ್ಯಾಹ್ನ ಒಂದೂ ಹತ್ತಕ್ಕೆ ಮುರುಗೆಪ್ಪ ತೀರಿಕೊಂಡ. ಪ್ರಕರಣ ಖೂನಿಯದಾಯಿತು.

ಮೂರಕ್ಕೆ ಅವನ ಕಾಕಾ ಸಿದ್ದಪ್ಪ ಠಾಣೆಗೆ ಬಂದ. ಹಣೆಯ ವಿಭೂತಿ ಬೆವರಿಗೆ ಅಳಿಸಿತ್ತು. ಕೂಡಲಿಲ್ಲ.

"ಆ ಮಿಸ್ತ್ರೀನ ಇನ್ನೂ ಹೊರಗ ಬಿಟ್ಟೀರಲ್ಲ ಸಾಹೇಬ್ರ?"

"ಖೂನಿ ಮಾಡಿದಾಂವ ತಾನ ಸಲಾಕಿ ಹಿಡಕೊಂಡು ಠಾಣೆಕ್ಕ ಬರತಾನೇನ್ರಿ?"

"ಅದು ನನಗ ಗೊತ್ತಿಲ್ಲ. ಪ್ಯಾಟಿ ಮಂದಿ ಅವನ ಅಂಗಡಿ ಮುಂದ ನೆರ್ಯಾಕತ್ತಾರ. ನಾ ಎಷ್ಟಂತ ತಡೀಲಿ?"

"ಎರಡು ದಿವಸ ತಡೀರಿ. ನಿಮ್ಮ ಮಾತು ಕೇಳತಾರ."

ಅಷ್ಟರಲ್ಲಿ ಹೊರಗೆ ಟಾಂಗಾದಲ್ಲಿದ್ದ ಶರಣವ್ವನ ಧ್ವನಿ ಕೇಳಿತು. ಅಳು ಮುಗಿದ ಮೇಲಿನ ಒಣ ಧ್ವನಿ. "ಮಾವಾರ, ಮಿಸ್ತ್ರಿ ಕಾಕಾನ ಹೆಸರು ಯಾರೂ ಎತ್ತಬ್ಯಾಡ್ರಿ. ಕಾಕಾ ಇಲ್ಲದ ಇವರನ್ನ ಮಣ್ಣಿಗೆ ಒಯ್ಯೂದಿಲ್ಲ." ಸಿದ್ದಪ್ಪ ತಲೆ ತಗ್ಗಿಸಿ ಹೊರಟುಹೋದ. ರುದ್ರಗೌಡ ಆದರೂ ಒಬ್ಬ ಸಿಪಾಯಿಯನ್ನು ಗುಲಾಬಸಾಬನ ಅಂಗಡಿಗೆ ಕಳಿಸಿದ.

ಆ ಫಿಟ್ಟರನಿಗೂ ಸತ್ತವನಿಗೂ ಏನು ಸಂಬಂಧ? ಕೇಳಿದವರೆಲ್ಲ ಪರಿಚಯವೇ ಇಲ್ಲ ಎಂದರು. ಕಾಗದದ ಮೇಲಿನ ಹೆಸರನ್ನೇ ನೋಡುತ್ತಿದ್ದ ದುರಗಪ್ಪ ಮೆಲ್ಲಗೆ ಹೇಳಿದ:

"ಸಾಹೇಬ್ರ, ಈ ಹೆಸರು ನಮ್ಮ ದಫ್ತರಿನ್ಯಾಗ ಐತ್ರಿ. ನವಲೂರಿನ ಆ ಪೇರಲ ಹಣ್ಣಿನ ಹುಡುಗಿ… ಆಕಿ ತಂದಿ."

ಹಳೆಯ ಕಡತ ತರಲು ಅರ್ಧ ತಾಸು ಹಿಡಿಯಿತು. ೧೯೩೪, ನವಂಬರ್ ಹದಿನೆಂಟು. ಹುಬ್ಬಳ್ಳಿ-ಧಾರವಾಡ ರಸ್ತೆ, ನವಲೂರಿನ ಹತ್ತಿರ. ಸಾವಕ್ಕ, ವಯಸ್ಸು ಹದಿಮೂರು, ಅಜ್ಜಿಯ ಜೊತೆ ರಸ್ತೆಯ ಬದಿಗೆ ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದವಳು. ಫಟಫಟಿಯೊಂದು ಬಡಿದು ನಿಲ್ಲದೆ ಹೋಯಿತು. ಒಳಗೆ ಒಟ್ಟು ಐದು ಹಾಳೆ. ಕೊನೆಯದರಲ್ಲಿ 'ಆರೋಪಿ ಪತ್ತೆಯಾಗಿಲ್ಲ, ಪ್ರಕರಣ ಮುಗಿಸಲು ಮಂಜೂರಾತಿ ಆಗಬೇಕು' ಎಂದಿತ್ತು. ಕೆಳಗಿನ ಸಹಿ ರುದ್ರಗೌಡನದೇ.

ಅವನಿಗೆ ಎಲ್ಲ ನೆನಪಾಯಿತು. ಆ ವಾರ ದೊಡ್ಡ ಸಾಹೇಬರೊಬ್ಬರ ಸವಾರಿ ಇತ್ತು. ಠಾಣೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮಣ್ಣು ಮಾಡಿ ಮೂರನೆಯ ದಿನ ತಂದೆ ಬಂದಿದ್ದ. ಫಟಫಟಿಯಿಂದ ಒಡೆದು ಬಿದ್ದದ್ದು ಎಂದು ಮೂರು ಬೆರಳಗಲದ ಲೋಹದ ತುಂಡೊಂದನ್ನು ಅಂಗೈಯಲ್ಲಿ ಹಿಡಿದು ತೋರಿಸಿದ್ದ. 'ನಿನ್ನ ಹತ್ರ ಇಟ್ಟಿರು, ಕರಸ್ತೇನಿ' ಎಂದು ತಾನು ಹೇಳಿದ್ದ. ಕರೆಸಿರಲಿಲ್ಲ.

ರುದ್ರಗೌಡ ಎದ್ದು, ಒಡೆದ ಗಾಡಿ ಇಟ್ಟಿದ್ದ ಹಿತ್ತಲಿಗೆ ಹೋದ. ಎಡಗಡೆ, ಸರಪಳಿಯ ಮೇಲಿನ ಎರಕದ ಮುಚ್ಚಳ. ಅದರ ಮೂಲೆಗೆ ಮೂರು ಬೆರಳಗಲದ ಹಿತ್ತಾಳೆ ತಗಡು ಹಚ್ಚಿ ರಿವೆಟ್ ಹೊಡೆದಿದ್ದರು. ತಗಡು ಎಬ್ಬಿಸಿದಾಗ ಕೆಳಗೆ ಹಳೆಯ ಒಡಕು ಕಂಡಿತು.

ಮೋಟಾರು ಗಾಡಿಗಳ ರಿಜಿಸ್ಟರು ಪೊಲೀಸ್ ಕಚೇರಿಯಲ್ಲೇ ಇತ್ತು. ಅವನೇ ಬೆರಳಿಟ್ಟು ಹುಡುಕಿದ. ಆ ಗಾಡಿ ೧೯೩೧ರಿಂದ ಹುಬ್ಬಳ್ಳಿಯ ಒಬ್ಬ ಹತ್ತಿ ಬಿಡಿಸುವ ಜಿನ್ನಿನ ಮಾಲೀಕನ ಮಗ ಪಂಪಣ್ಣನ ಹೆಸರಿನಲ್ಲಿತ್ತು. ಮುರುಗೆಪ್ಪನ ಹೆಸರಿಗೆ ಬದಲಾದದ್ದು ೧೯೩೫ರ ಏಪ್ರಿಲ್ ಮೂರರಂದು. ಹುಡುಗಿ ಸತ್ತು ನಾಲ್ಕೂವರೆ ತಿಂಗಳ ಮೇಲೆ.

ಗುಲಾಬಸಾಬನನ್ನು ಕೇಳಿದಾಗ ಅವನೆಂದ: "ಹೌದ್ರಿ, ಗಾಡಿ ಬರೂಮುಂದನ ಆ ಹಿತ್ತಾಳಿ ತ್ಯಾಪಿ ಇತ್ತು. ಪಂಪಣ್ಣಾರು ಲಗೂನ ಮಾರಿ ಮುಂಬೈಕ್ಕ ಹೋದ್ರು. ಮುರುಗೆಪ್ಪಗ ಏನೂ ಗೊತ್ತಿರಲಿಲ್ಲ. ಅವನಿಗೆ ಗಾಡಿ ಸಿಕ್ಕದ್ದ ಹಬ್ಬ ಆಗಿತ್ತು."

ಬುಧವಾರ, ಫೆಬ್ರುವರಿ ಹತ್ತು, ಬೆಳಿಗ್ಗೆ ಆರೂವರೆ. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಎರಡು ಗೇಣಿನ ಕಟ್ಟೆಯಿದ್ದ ಸಣ್ಣ ಮನೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಮೈಲಾರಲಿಂಗಪ್ಪ ಕಾರ್ಖಾನೆಗೆ ಹೊರಡಲು ಅಂಗಿ ತೊಟ್ಟು ಕಟ್ಟೆಯ ಮೇಲೆ ಕುಳಿತಿದ್ದ. ನಲವತ್ತೈದರ ಸಣಕಲು ಆಳು. ಫೌಜದಾರನನ್ನು ಕಂಡು ಎದ್ದು ನಿಂತ. ಗಾಬರಿ ಆಗಲಿಲ್ಲ.

"ಬರ್ರಿ. ಹಾದಿ ನೋಡಾಕತ್ತಿದ್ದೆ."

"ನಿನ್ನ ಪಕ್ಕಡ ತೋರಿಸು."

ಅವನು ಹತಾರಿನ ಚೀಲ ಬಿಚ್ಚಿ ಕೊಟ್ಟ. ಪಕ್ಕಡದ ಬಲಗಡೆಯ ದವಡೆಯಲ್ಲಿ ಒಂದು ಹಲ್ಲು ಮುರಿದಿತ್ತು.

"ಇನ್ನೊಂದು ಸಾಮಾನು ಐತಲ್ಲ ನಿನ್ನ ಹತ್ರ."

ಮೈಲಾರಲಿಂಗಪ್ಪ ಒಳಗೆ ಹೋಗಿ ದೇವರ ಜಗಲಿಯ ಮೇಲಿಂದ ಅರಿವೆಯ ಸಣ್ಣ ಗಂಟು ತಂದ. ದುರಗಪ್ಪ ಚೀಲದಿಂದ ಗಾಡಿಯ ಮುಚ್ಚಳ ತೆಗೆದು ಕಟ್ಟೆಯ ಮೇಲಿಟ್ಟ. ನೆರೆಮನೆಯ ಇಬ್ಬರು ಪಂಚರ ಎದುರಿಗೆ ತುಂಡನ್ನು ಒಡಕಿಗೆ ಹಚ್ಚಿದರು. ಕೂದಲೆಳೆ ಹಾಯದಂತೆ ಕೂತಿತು.

"ಮೈಲಾರಲಿಂಗಪ್ಪ, ನನ್ನ ಮುಂದ ಏನೂ ಹೇಳಬೇಕಂತಿಲ್ಲ. ಹೇಳಿದ್ದು ಕೋರ್ಟಿನ್ಯಾಗ ನಡಿಯೂದೂ ಇಲ್ಲ."

"ಮುಚ್ಚಿಡೂದೇನೈತಿ? ಎರಡು ವರ್ಷ ಹಾದ್ಯಾಗ ಕಂಡ ಫಟಫಟಿ ಎಲ್ಲಾವರ ಎಡಗಡಿ ನೋಡಿಕೋತ ತಿರಗೇನಿ. ಶರ್ಯತ್ತಿಗೆ ಎಲ್ಲಾ ಗಾಡಿ ಬರತಾವ ಅಂತ ತಿಳಿತು. ಹೋದೆ. ತ್ಯಾಪಿ ಕಂಡಕೂಡಲೆ ನನ್ನ ಬೆರಳಿಗೆ ಗೊತ್ತಾತು. ಆದರೂ ಕೇಳಿದೆ. ಆರು ವರ್ಷದಿಂದ ನಂದ ಐತಿ, ಬ್ಯಾರೆ ಯಾರೂ ಹತ್ತಿಲ್ಲ ಅಂದ. ನಕ್ಕೋತ ಅಂದ."

"ನಿಶಾನಿ ಬೀಳೂಕಿಂತ ಮೊದಲ ಒಂದ ಮಾತು ಹೇಳಬಹುದಿತ್ತು."

"ಬಾಯಿ ತೆರದೆರಿ. ಧ್ವನಿ ಬರಲಿಲ್ಲ. ತಿರುವಿಗೆ ಓಡಿ ಹೋಗಿ ನಿಂತೆ. ಒಂದು ಸುತ್ತು ಬಂದ, ಎರಡು ಸುತ್ತು ಬಂದ. ನಟ್ಟು ಗಟ್ಟಿ ಕೂತೈತಿ, ಬೀಳಾಕಿಲ್ಲ ಅನಿಸಿ ಒಳಗ ಸಮಾಧಾನ ಆಗಿತ್ತು." ಅವನು ತಲೆಯೆತ್ತಿದ. "ಆಂವ ಒಪ್ಪಿಗೊಂಡನೇನ್ರಿ? ಸಾಯೂಕಿಂತ ಮೊದಲ?"

ರುದ್ರಗೌಡ ಇದಕ್ಕೆ ಉತ್ತರ ಹೇಳದೆ ಬೇಡಿ ಹಾಕಿ ಒಯ್ಯಬಹುದಿತ್ತು. ಕೋರ್ಟಿನಲ್ಲಿ ವಕೀಲನ ಬಾಯಿಂದ ಕೇಳಲಿ ಎಂದು ಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಕಟ್ಟೆಯ ಮೇಲೆ ಅವನ ಪಕ್ಕಕ್ಕೇ ಕುಳಿತ.

"ಆ ಗಾಡಿ ಮುರುಗೆಪ್ಪನ ಕೈಗೆ ಬಂದದ್ದು ಮೂವತ್ತೈದರ ಏಪ್ರಿಲದಾಗ. ನಿನ್ನ ಮಗಳನ್ನ ಬಡದಾಗ ಅದು ಬ್ಯಾರೆಯವರ ಕಡೆ ಇತ್ತು."

"ಆರು ವರ್ಷ ಅಂದನಲ್ಲರಿ."

"ನಾಚಿಕಿಗೆ ಹೇಳಿದ ಮಾತದು. ಹಳೇ ಗಾಡಿ ಅಂತ ಮಂದಿಗೆ ತಿಳೀಬಾರದಂತ."

ಒಳಗೆ ರೊಟ್ಟಿಯ ಸಪ್ಪಳ ನಿಂತಿತ್ತು. ಮೈಲಾರಲಿಂಗಪ್ಪ ಮುಚ್ಚಳಕ್ಕೆ ಕೂಡಿಸಿಟ್ಟ ತುಂಡನ್ನು ಬೆರಳಿನಿಂದ ಒಮ್ಮೆ ಸವರಿದ. ಮತ್ತೆ ಸವರಿದ. "ತಾರೀಖು ಇನ್ನೊಮ್ಮೆ ಹೇಳ್ರಿ," ಎಂದ. ರುದ್ರಗೌಡ ಹೇಳಿದ. ಅವನು ಬೆರಳು ಮಡಚಿ ತಿಂಗಳು ಎಣಿಸತೊಡಗಿ, ನಡುವೆ ಬಿಟ್ಟುಬಿಟ್ಟ. ಎರಡೂ ಅಂಗೈಯನ್ನು ಮುಖಕ್ಕೆ ಒತ್ತಿಕೊಂಡು ಬಗ್ಗಿ ಕುಳಿತ.

ಹೆಂಡತಿ ರೇಣವ್ವ ಬಾಗಿಲಿಗೆ ಬಂದು ನಿಂತಿದ್ದಳು. ಕೈಯೆಲ್ಲ ಜೋಳದ ಹಿಟ್ಟು.

"ಆ ಹುಡುಗನ ಹೇಣತಿ ಇದ್ದಾಳೇನ್ರಿ ಸಾಹೇಬ್ರ?"

"ಇದ್ದಾಳವ್ವ."

ಅವಳು ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಕೆಳಗೆ ಕುಳಿತಳು.

ಏಳೂ ಇಪ್ಪತ್ತಕ್ಕೆ ಮೈಲಾರಲಿಂಗಪ್ಪನ ಬಂಧನ ಆಯಿತು. ಹನ್ನೊಂದೂವರೆಗೆ ಆರೋಪಿಯನ್ನು ಧಾರವಾಡದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಹೇಳಿಕೆ ಕೊಡಬೇಕೋ ಬೇಡವೋ ಎಂದು ವಿಚಾರ ಮಾಡಲು ಅವರು ಅವನಿಗೆ ಒಂದು ದಿನ ಕೊಟ್ಟರು. ಮರುದಿನವೂ ಅವನು ಹೇಳಿಕೆ ಕೊಡುತ್ತೇನೆ ಎಂದೇ ಹೇಳಿದ.

ಅದೇ ದಿನ ರುದ್ರಗೌಡ ನವಲೂರಿನ ಪ್ರಕರಣವನ್ನು ಮತ್ತೆ ತೆರೆಯಲು ಅರ್ಜಿ ಬರೆದ. ಪಂಪಣ್ಣನನ್ನು ಮುಂಬೈಯಿಂದ ಕರೆಸಬೇಕು ಎಂದು ಬರೆದ. ಆಗ ಹುಡುಗಿಯ ತಂದೆ ತಂದ ತುಂಡನ್ನು ಏಕೆ ಜಪ್ತಿ ಮಾಡಿಕೊಳ್ಳಲಿಲ್ಲ ಎಂಬುದಕ್ಕೂ ಕಾರಣ ಬರೆಯಬೇಕಿತ್ತು. ಕೊನೆಗೆ 'ತನಿಖಾಧಿಕಾರಿಯ ತಪ್ಪು' ಎಂದು ಬರೆದು ತನ್ನ ಹೆಸರು ಪೂರ್ತಿ ಹಾಕಿದ. ಆ ಕಾಗದ ಮೇಲಿನವರ ಕೈಗೆ ಹೋದರೆ ತನಗೇನಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಶುಕ್ರವಾರ ಮೈಲಾರಲಿಂಗಪ್ಪನ ಹೇಳಿಕೆಯ ನಕಲು ಠಾಣೆಗೆ ಬಂತು. ನಾಲ್ಕು ಹಾಳೆ. ಕೊಲ್ಲಬೇಕೆಂಬ ಉದ್ದೇಶ ಇತ್ತೇ ಎಂದು ಮ್ಯಾಜಿಸ್ಟ್ರೇಟರು ಕೇಳಿದ್ದರು. ಕಾರಕೂನ ಅವನ ಮಾತನ್ನು ತಿದ್ದದೆ ಇದ್ದಂತೆಯೇ ಬರೆದಿದ್ದ:

'ಬೀಳಬೇಕು ಅಂತ ಇತ್ತು. ಬಿದ್ದ ಮ್ಯಾಲೆ ಹತ್ರ ಹೋಗಿ ನನ್ನ ಮಗಳ ಹೆಸರು ಅವನ ಕಿವ್ಯಾಗ ಹೇಳಬೇಕು, ಆಂವ ಒಮ್ಮೆ ನನ್ನ ಮಾರಿ ನೋಡಬೇಕು, ಇಷ್ಟ ಇತ್ತು. ಓಡಿ ಹೋಗಿ ಎತ್ತಿಗೊಂಡೆ. ಸಾವಕ್ಕ ಅಂತ ಹೇಳಿದೆ. ಆಂವ ಕಣ್ಣು ತೆರದು ನೋಡಿದ. ಯಾರು, ಆಕಿಗೂ ಪೆಟ್ಟಾತೇನು ಅಂತ ಕೇಳಿದ.'